ಅತಿಭಾರ

ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲನೆಯದು ಅಹಿಂಸೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಶಕ್ತಿ ಮೀರಿ ಭಾರ ಹೇರುವುದು, ಅನ್ನ ನೀರು ತಡೆಯುವುದು. ಇವುಗಳಲ್ಲಿ ನಾಲ್ಕನೆಯದಾದ ಅತಿಭಾರಾರೋಪಣದ ಅರ್ಥ ನನಗೆ ಬಾಲ್ಯದಲ್ಲೇ ತಿಳಿದಿತ್ತೆಂದು ಬಹುಕಾಲ ನಂಬಿದ್ದೆ. ತಿಳಿದದ್ದು ಅರ್ಧ ಮಾತ್ರವೆಂದು ತೋರಿಸಿಕೊಟ್ಟವನು ನನ್ನ ಮಗ.

ನಮ್ಮದು ಕಳಲೆ. ತೀರ್ಥರೂಪರು ಧಾನ್ಯದ ವ್ಯಾಪಾರಿಗಳು. ಭತ್ತ, ರಾಗಿಯ ಮೂಟೆಗಳು ಎತ್ತಿನ ಗಾಡಿಯಲ್ಲಿ ನಂಜನಗೂಡಿನ ಪೇಟೆಗೆ ಹೋಗುತ್ತಿದ್ದವು. ಎಷ್ಟೇ ಅವಸರವಿದ್ದರೂ ತಂದೆಯವರು ಗೊತ್ತುಪಡಿಸಿದ ಮಿತಿಗಿಂತ ಒಂದು ಮೂಟೆಯನ್ನೂ ಹೆಚ್ಚಾಗಿ ಏರಿಸಗೊಡುತ್ತಿರಲಿಲ್ಲ. “ಎತ್ತಿಗೆ ಬಾಯಿಲ್ಲ, ಅದರ ಲೆಕ್ಕವನ್ನೂ ನಾವೇ ಇಡಬೇಕು” ಎನ್ನುತ್ತಿದ್ದರು. ಎರಡನೆಯ ಸಲ ಗಾಡಿ ಹೂಡಿದರೆ ಬಾಡಿಗೆ ಹೆಚ್ಚಾಗುತ್ತಿತ್ತು. ಅದನ್ನು ಅವರು ನಷ್ಟವೆಂದು ಎಣಿಸಲಿಲ್ಲ.

ನಾನು ಬಿ.ಕಾಂ. ಮುಗಿಸಿದಾಗ ಲೆಕ್ಕಪರಿಶೋಧಕನಾಗುವ ಹಂಬಲವಿತ್ತು. ಮನೆಯ ಪರಿಸ್ಥಿತಿಯಿಂದ ಅದು ಕೈಗೂಡದೆ ಅಂಗಡಿಯಲ್ಲಿ ಕುಳಿತೆ. 1989ರಲ್ಲಿ ಮಗ ಹುಟ್ಟಿದ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅವನ ಪುಟ್ಟ ಬೆರಳನ್ನು ಹಿಡಿದು ಮೊದಲ ಅಕ್ಷರ ಬರೆಯಿಸಿದ ದಿನ, ಮಲಗುವ ಮುನ್ನ ಅವನು ತೊದಲುತ್ತ ಣಮೋಕಾರ ಮಂತ್ರ ಹೇಳಿದ ರಾತ್ರಿ, ಇವುಗಳಿಗೆ ಸಮನಾದ ಲಾಭವನ್ನು ಯಾವ ವ್ಯಾಪಾರದಲ್ಲಿಯೂ ನಾನು ಕಂಡಿಲ್ಲ. ಆದರೆ ಆ ಆನಂದದ ಜೊತೆಯಲ್ಲೇ ನನ್ನ ಕೈಗೂಡದ ಹಂಬಲವೂ ಅವನ ಹೆಗಲನ್ನೇರಿತು. ಅದನ್ನು ನಾನು ವಾತ್ಸಲ್ಯವೆಂದೇ ತಿಳಿದಿದ್ದೆ.

ಹುಡುಗನಿಗೆ ಚಿತ್ರ ಬರೆಯುವುದರಲ್ಲಿ ಆಸಕ್ತಿ. ಒಮ್ಮೆ ಅಂಗಡಿಯ ಖಾತೆಪುಸ್ತಕದ ಅಂಚಿನಲ್ಲಿ ನಮ್ಮೂರ ಲಕ್ಷ್ಮೀಕಾಂತ ದೇವಾಲಯದ ಕಂಬಗಳನ್ನು ಬಿಡಿಸಿದ್ದ. ನಾನು ಆ ಹಾಳೆಯನ್ನು ಅವನ ಎದುರಿಗೇ ಹರಿದೆ. ಪಿ.ಯು.ಸಿ. ಆದ ಮೇಲೆ ಸಿ.ಎ. ಓದಿಗೆ ಕಳುಹಿಸಿದೆ. ಒಂದೇ ಹಂತದಲ್ಲಿ ಮೂರು ಸಲ ಅನುತ್ತೀರ್ಣನಾದ. ಕ್ರಮೇಣ ಮಾತು ಕಡಿಮೆಯಾಯಿತು. ಸೂರ್ಯಾಸ್ತಕ್ಕೆ ಮೊದಲು ಎಲ್ಲರೂ ಒಟ್ಟಿಗೆ ಕುಳಿತು ಮಾಡುತ್ತಿದ್ದ ಊಟಕ್ಕೂ ಬರುವುದನ್ನು ಬಿಟ್ಟ. ಸೋಮಾರಿತನವೆಂದು ಗದರಿದೆ.

2011ರ ದಶಲಕ್ಷಣ ಪರ್ವದಲ್ಲಿ ಒಂದು ಸಂಜೆ ಬಸದಿಯಲ್ಲಿ ಅಹಿಂಸಾಣುವ್ರತವನ್ನು ಕುರಿತು ಉಪನ್ಯಾಸ ಮಾಡುವ ಅವಕಾಶ ನನಗೆ ದೊರೆಯಿತು. ಅತಿಭಾರಾರೋಪಣದ ಪ್ರಸಂಗ ಬಂದಾಗ ತಂದೆಯವರ ಎತ್ತಿನ ಗಾಡಿಯ ಕಥೆಯನ್ನು ಹೇಳಿದೆ. ಸಭಿಕರು ಮೆಚ್ಚಿದರು. ಹಿಂದಿನ ಸಾಲಿನಲ್ಲಿದ್ದ ಮಗ ಎದ್ದು ಹೋದ. ಮನೆಗೆ ಬಂದಾಗ ಅವನು ಕೇಳಿದ್ದು ಒಂದೇ ಮಾತು: “ಅಪ್ಪಾಜಿ, ಆ ನಿಯಮ ಎತ್ತುಗಳಿಗೆ ಮಾತ್ರವೇ?”

ಉತ್ತರ ಕೊಡಲಾಗಲಿಲ್ಲ. ಆ ರಾತ್ರಿ ನಿದ್ರೆ ಬಾರದೆ, ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಅನೇಕ ಸಲ ಓದಿದ್ದ ಒಂದು ಪ್ರಕರಣವನ್ನು ನೆನೆದೆ. ಆದಿನಾಥರು ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಕಲಿಸಿದರು. ಗಂಡುಮಕ್ಕಳಲ್ಲಿ ಭರತನಿಗೆ ಅರ್ಥಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ ಮೊದಲಾದವು. ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ. ಸಕಲ ವಿದ್ಯೆಗಳನ್ನೂ ಬಲ್ಲ ತಂದೆ ಎಲ್ಲವನ್ನೂ ಒಬ್ಬನ ತಲೆಯ ಮೇಲೆ ಹೊರಿಸಲಿಲ್ಲ. ಇದನ್ನು ಪುರಾಣವೆಂದು ಓದಿ ನಮಸ್ಕರಿಸಿದ್ದೆನೇ ಹೊರತು, ಗೃಹಸ್ಥನಿಗೆ ಹೇಳಿದ ಮಾತೆಂದು ಗ್ರಹಿಸಿರಲಿಲ್ಲ.

ಪರ್ವದ ಕೊನೆಗೆ ಕ್ಷಮಾವಣಿ. ಅಂದು ಕಿರಿಯರು ಹಿರಿಯರ ಕ್ಷಮೆ ಕೇಳುವುದು ನಮ್ಮ ಮನೆಯ ರೂಢಿ. ಆ ವರ್ಷ ನಾನೇ ಮೊದಲು ಮಗನೆದುರು ಕೈಜೋಡಿಸಿದೆ. ಹರಿದ ಹಾಳೆಯ ಹೆಸರನ್ನೂ ಹೇಳಿದೆ. ಅವನು ಏನೂ ಮಾತನಾಡಲಿಲ್ಲ. ಮರುದಿನ ಸಂಜೆ ಊಟಕ್ಕೆ ಬಂದು ಕುಳಿತ. ಮುಂದಿನ ವರ್ಷ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಗೆ ಸೇರಿದ. ಈಗ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಸಂಬಳ ಅಲ್ಪ. ಅವನ ವಾರಿಗೆಯವರ ಗಳಿಕೆಯ ಸುದ್ದಿ ಕೇಳಿದಾಗ ನನ್ನ ಮನಸ್ಸು ಇಂದಿಗೂ ಒಮ್ಮೊಮ್ಮೆ ಮುದುಡುತ್ತದೆ ಎಂಬುದನ್ನು ಮುಚ್ಚಿಡಲಾರೆ. ವ್ರತ ಸ್ವೀಕರಿಸಿದೊಡನೆ ಕಷಾಯಗಳು ಅಳಿಯುವುದಿಲ್ಲ.

ಇನ್ನೊಂದು ಲೆಕ್ಕವೂ ನನಗೆ ತಪ್ಪಿತ್ತು. ಅಂಗಡಿಯ ಗಲ್ಲಾದ ಬಳಿ ಕುಳಿತು, ಯಾರೂ ಹೇಳದಿದ್ದರೂ ಖಾತೆಯನ್ನು ಕೂಡಿ ಕಳೆದು ನೋಡುತ್ತಿದ್ದವಳು ಮಗಳು. ಅವಳನ್ನು ನಾನು ಆ ದೃಷ್ಟಿಯಿಂದ ನೋಡಿಯೇ ಇರಲಿಲ್ಲ. 2017ರಲ್ಲಿ ಜಿ.ಎಸ್.ಟಿ. ಜಾರಿಗೆ ಬಂದು ನಾನು ಕಂಗೆಟ್ಟಾಗ ಎಲ್ಲವನ್ನೂ ಸರಿದೂಗಿಸಿದವಳು ಅವಳೇ. ಇಂದು ವ್ಯಾಪಾರ ಅವಳ ಕೈಯಲ್ಲಿದೆ. ಸುಂದರಿ ನನ್ನ ಮನೆಯಲ್ಲೇ ಇದ್ದಳು. ನಾನು ಅನಂತವಿಜಯನ ಕೈಗೆ ತಕ್ಕಡಿ ಕೊಡಲು ಹೆಣಗುತ್ತಿದ್ದೆ.

ಸಾಧರ್ಮಿ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಫಲಿತಾಂಶದ ದಿನಗಳಲ್ಲಿ ಮಕ್ಕಳ ಅಂಕಪಟ್ಟಿಯನ್ನು ನೋಡುವ ಮೊದಲು ಅವರ ಹೆಗಲನ್ನೊಮ್ಮೆ ನೋಡಿರಿ. ಅಲ್ಲಿರುವ ಮೂಟೆಗಳಲ್ಲಿ ನಮ್ಮವು ಎಷ್ಟೆಂದು ಎಣಿಸಿರಿ. ಎತ್ತಿಗೆ ಬಾಯಿಲ್ಲ. ಮಕ್ಕಳಿಗೆ ಬಾಯಿದ್ದರೂ, ತಂದೆಯ ಮೇಲಿನ ಗೌರವದಿಂದ ಅವರು ಬಹಳ ಕಾಲ ಸುಮ್ಮನಿರುತ್ತಾರೆ.