ಹನ್ನೆರಡನೆಯವನು

ನಮ್ಮ ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಕಂಡವರಿಗೆ ಒಂದು ಸಂಗತಿ ತಿಳಿದಿರುತ್ತದೆ. ತೇರಿನ ಹಗ್ಗಕ್ಕೆ ಕೈಹಚ್ಚುವವರು ಕೆಲವರು. ಸುತ್ತ ನಿಂತು ಜಯಘೋಷ ಮಾಡುವವರು ಸಾವಿರಾರು ಮಂದಿ. ಆ ಕೂಗಿಲ್ಲದಿದ್ದರೆ ಹಗ್ಗ ಹಿಡಿದವರ ತೋಳಿಗೆ ಬಲ ಬರುವುದಿಲ್ಲವೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಆ ಮಾತಿಗೆ ನಕ್ಕಿದ್ದೆ. ಅದರ ಅರ್ಥ ಹೊಳೆಯಬೇಕಾದರೆ ನಾನು ಒಂದು ಸೋಲಿಗೆ ಕಾರಣನಾಗಬೇಕಾಯಿತು.

೧೯೭೯ರಲ್ಲಿ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಓದುತ್ತಿದ್ದೆ. ಬಿಸಿಲು ಇಳಿದು ಕೋಟೆಯ ಬೆಟ್ಟದ ಬಂಡೆಗಳು ಕೆಂಪೇರುವ ಹೊತ್ತಿಗೆ ನಾವು ಕಾಲ್ಚೆಂಡಿನ ಮೈದಾನಕ್ಕೆ ಇಳಿಯುತ್ತಿದ್ದೆವು. ಹುಲ್ಲಿನ ಹೆಸರೇ ಇಲ್ಲದ ನೆಲ. ಬಿದ್ದರೆ ಮೊಣಕಾಲು ಸುಲಿಯುತ್ತಿತ್ತು. ತಂಡಕ್ಕೆ ಹನ್ನೊಂದು ಜನ. ನಾನು ಹನ್ನೆರಡನೆಯವನು. ಎರಡು ವರ್ಷವೂ ಹನ್ನೆರಡನೆಯವನಾಗಿಯೇ ಉಳಿದೆ. ಆಟಗಾರರ ಅಂಗಿಗಳನ್ನು ಕಾಯುವುದು, ವಿರಾಮದಲ್ಲಿ ನಿಂಬೆಹಣ್ಣು ಹೆಚ್ಚಿಕೊಡುವುದು ನನ್ನ ಪಾಲಿನ ಆಟವಾಗಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಸಿರುಗುಪ್ಪದ ತರುಣರು ನಮ್ಮನ್ನು ಪಂದ್ಯಕ್ಕೆ ಕರೆದರು. ತುಂಗಭದ್ರೆಯ ನೀರುಂಡ ಭತ್ತದ ಸೀಮೆ ಅದು. ಊರ ಹೊರಗಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಕುಳಿತುಕೊಳ್ಳಲು ಒಂದು ಬೆಂಚೂ ಇರಲಿಲ್ಲ. ಜನರೆಲ್ಲ ಗೆರೆಯ ಸುತ್ತ ನಿಂತಿದ್ದರು. ಎತ್ತಿನ ಬಂಡಿಗಳ ಮೇಲೇರಿ ನಿಂತವರೂ ಉಂಟು. ಮಗನ ಆಟ ನೋಡಬೇಕೆಂದು ಅಪ್ಪನೂ ಕುರುಗೋಡಿನಿಂದ ಬಸ್ಸು ಹಿಡಿದು ಬಂದಿದ್ದ. ಆಟ ಮೊದಲಾದಾಗ ನಾನು ಗೆರೆಯ ಹೊರಗೆ ನಿಂತುದನ್ನು ಕಂಡು, “ನೀ ಯಾವಾಗ ಆಡ್ತೀಯಪ್ಪಾ?” ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯ ಅವಧಿಯೂ ಮುಗಿಯುತ್ತ ಬಂದಿತು. ಎರಡೂ ತಂಡಗಳು ಒಂದೊಂದು ಗೋಲು ಹೊಡೆದಿದ್ದವು. ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟೆ. ಅಪ್ಪನ ಮುಂದೆ ಹೀಗೆ ನಿಂತಿರುವುದಕ್ಕೆ ನಾಚಿಕೆ; ನಾಚಿಕೆಯ ಹಿಂದೆಯೇ ಸಿಟ್ಟು. ಬೂಟು ಬಿಚ್ಚಿ, ದಾರಗಳನ್ನು ಗಂಟು ಹಾಕಿ ಕೊರಳಿಗೆ ತೂಗಿಕೊಂಡು ರಸ್ತೆಯ ಬದಿಯ ಚಹಾದಂಗಡಿಗೆ ಹೋದೆ.

ಚಹಾ ಇನ್ನೂ ಕೈಗೆ ಬಂದಿರಲಿಲ್ಲ, ಮೈದಾನದಿಂದ ಗದ್ದಲ ಕೇಳಿಬಂತು. ಓಡಿಹೋಗಿ ನೋಡಿದರೆ ನಮ್ಮ ಎಡಬದಿಯ ರಕ್ಷಕ ಕಾಲು ಉಳುಕಿ ಬಿದ್ದಿದ್ದಾನೆ; ಇಬ್ಬರು ಅವನನ್ನು ಎತ್ತಿ ಹೊರಗೆ ತರುತ್ತಿದ್ದಾರೆ. ನಾಯಕ ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ. ನಾನು ನೆಲದ ಮೇಲೆ ಕುಳಿತು ಬೂಟಿನ ಗಂಟು ಬಿಡಿಸತೊಡಗಿದೆ. ಕೈ ನಡುಗುತ್ತಿತ್ತು, ಗಂಟು ಬಿಚ್ಚಲೊಲ್ಲದು. ಆಟ ಮತ್ತೆ ಆರಂಭವಾಯಿತು. ತೆರವಾಗಿದ್ದ ಅದೇ ಎಡಬದಿಯಿಂದ ನುಗ್ಗಿದ ಹುಡುಗನೊಬ್ಬ ಗೋಲು ಹೊಡೆದ. ನಾನು ಎದ್ದು ನಿಲ್ಲುವುದಕ್ಕೂ ಕೊನೆಯ ಸೀಟಿ ಕೇಳುವುದಕ್ಕೂ ಸರಿಹೋಯಿತು.

ಯಾರೂ ನನ್ನನ್ನು ಬಯ್ಯಲಿಲ್ಲ. ಬಸ್ಸಿಗಾಗಿ ಕಾಯುತ್ತಿದ್ದಾಗ ಅಪ್ಪ ಮೆಲ್ಲಗೆ ಹೇಳಿದ: “ಆಡಸೋದು ಬಿಡೋದು ಅವರ ಕೈಯಾಗ ಐತಿ. ನಿಂತಿರೋದು ನಿನ್ನ ಕೈಯಾಗ ಇತ್ತಲ್ಲೋ ತಮ್ಮಾ.”

ಮುಂದೆ ನಾನು ಉಪಾಧ್ಯಾಯನಾದೆ. ಎಷ್ಟೋ ವರ್ಷಗಳ ತರುವಾಯ ಅಮೆರಿಕದ ಒಬ್ಬ ವಿದ್ಯಾರ್ಥಿಯ ವಿಷಯವನ್ನು ಓದಿದೆ. ಅವನ ಹೆಸರು ಕಿಂಗ್ ಗಿಲ್. ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನವನು. ಅಲ್ಲಿಯ ಫುಟ್‌ಬಾಲು ನಮ್ಮದಲ್ಲ; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆದರೂ ತಂಡಕ್ಕೆ ಹನ್ನೊಂದೇ ಜನ. ೧೯೨೨ರ ಜನವರಿ ೨ರಂದು ಡಲಾಸ್ ನಗರದಲ್ಲಿ ನಡೆದ ಪಂದ್ಯದಲ್ಲಿ ಅವನ ಕಾಲೇಜಿನ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಗಿಲ್ ಅಂದು ಮೇಲೆ ಕುಳಿತಿದ್ದ. ತರಬೇತುದಾರ ಡೇನಾ ಬೈಬಲ್ ಕರೆದೊಡನೆ ಕೆಳಗಿಳಿದು, ಗಾಯಾಳುವೊಬ್ಬನ ಉಡುಪು ತೊಟ್ಟು, ಗೆರೆಯ ಬಳಿ ಸಿದ್ಧನಾಗಿ ನಿಂತ. ಪಂದ್ಯ ಮುಗಿಯುವವರೆಗೂ ನಿಂತೇ ಇದ್ದ. ಅವನನ್ನು ಆಡಲು ಕರೆಯುವ ಪ್ರಸಂಗವೇ ಬರಲಿಲ್ಲ. ತಂಡ ೨೨-೧೪ರಿಂದ ಗೆದ್ದಿತು. ಇಂದಿಗೂ ಆ ವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ತಂಡ ಆಡುವಾಗ ಕುಳಿತುಕೊಳ್ಳುವುದಿಲ್ಲ. ತಾವೆಲ್ಲರೂ ಹನ್ನೆರಡನೆಯ ಆಟಗಾರರೆಂಬುದು ಅವರ ಭಾವನೆ. ಒಂದು ನಿಮಿಷವೂ ಆಡದವನ ಪ್ರತಿಮೆ ಆ ಮೈದಾನದ ಬಳಿ ನಿಂತಿದೆ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಬೂಟುಗಳ ನೆನಪೇ ಕಾಡಿತು.

ಇಂಥದೊಂದು ಸಂಪ್ರದಾಯ ನಮ್ಮ ನಾಡಿನಲ್ಲಿಯೂ ಬೆಳೆಯುತ್ತಿದೆ. ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಸಮೂಹವೇ ೨೦೧೩ರಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಕಟ್ಟಿತು. ಅದರ ಅಭಿಮಾನಿಗಳು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಳ್ಳುತ್ತಾರೆ. ಮೊದಲಲ್ಲಿ ಅವರು ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಸೇರುತ್ತಿದ್ದುದರಿಂದ ಈ ಹೆಸರು. ಮೊಮ್ಮಗನೊಡನೆ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಅವರನ್ನು ಕಂಡೆ. ನೀಲಿಯಂಗಿ ತೊಟ್ಟು, ನಗಾರಿ ಬಾರಿಸುತ್ತ ಹಾಡುತ್ತಿದ್ದರು. ತಂಡಕ್ಕೆ ವಿರುದ್ಧವಾಗಿ ಗೋಲು ಬಿದ್ದಾಗ ಹಾಡು ನಿಲ್ಲಬಹುದೆಂದುಕೊಂಡೆ. ಅದು ಇನ್ನಷ್ಟು ಏರಿತು. ಗೆಲ್ಲುವಾಗ ಜೊತೆಗಿರುವುದು ಸುಲಭ. ಸೋಲುವಾಗ ನಿಂತಿರುವುದರಲ್ಲಿ ನಿಷ್ಠೆಯ ಪರೀಕ್ಷೆಯಿದೆ.

ಮಕ್ಕಳೇ, ಬಾಳಿನಲ್ಲಿ ಎಲ್ಲರಿಗೂ ಹನ್ನೊಂದರೊಳಗೆ ಸ್ಥಾನ ಸಿಗುವುದಿಲ್ಲ. ಕರೆ ಬಂದೀತು, ಬಾರದೆಯೂ ಇದ್ದೀತು. ಬಂದ ಕ್ಷಣದಲ್ಲಿ ನಮ್ಮ ಬೂಟು ಕಾಲಿನಲ್ಲಿರಬೇಕು.

ಈಗ ಹಗ್ಗ ಎಳೆಯುವ ಕಸುವು ನನ್ನ ತೋಳುಗಳಲ್ಲಿಲ್ಲ. ಆದರೂ ವರ್ಷಕ್ಕೊಮ್ಮೆ ಕುರುಗೋಡಿನ ತೇರಿಗೆ ಹೋಗುತ್ತೇನೆ. ಯಾರಾದರೂ ಹುಡುಗರು ಕಟ್ಟೆಯ ಮೇಲೆ ಜಾಗ ಬಿಟ್ಟು, “ಕುಂದರ್ರಿ ಸರ್” ಎನ್ನುತ್ತಾರೆ. ತೇರು ಮರಳಿ ತನ್ನ ನೆಲೆ ಸೇರುವವರೆಗೆ ನಾನು ಕುಳಿತುಕೊಳ್ಳುವುದಿಲ್ಲ.