ದಿನದಿನದ ಸಂಕಲ್ಪ

ಭಾನುವಾರ ದೇವಾಲಯದಲ್ಲಿ ಮೊಣಕಾಲೂರಿ ಮಾಡಿದ ಸಂಕಲ್ಪವು ಸೋಮವಾರದ ಬೆಳಗಿನ ಹೊತ್ತಿಗೆ ಎಲ್ಲಿರುತ್ತದೆ? ಹಾಲಿನವನು ಬಂದಿಲ್ಲ, ಒಲೆಯು ಹೊತ್ತಿಕೊಳ್ಳದೆ ಹೊಗೆಯಾಡುತ್ತಿದೆ, ಕಚೇರಿಗೆ ಹೊತ್ತಾಯಿತೆಂದು ಮನೆಯ ಯಜಮಾನನು ಕಾಣದೆ ಹೋದ ಚಪ್ಪಲಿಯ ನೆಪದಲ್ಲಿ ಮಗನ ಮೇಲೆ ಹರಿಹಾಯುತ್ತಾನೆ. ಹಗೆಯನ್ನು ಕೂಡ ಪ್ರೀತಿಸುವೆನೆಂದು ಹಿಂದಿನ ದಿನವಷ್ಟೆ ದೇವರ ಮುಂದೆ ಒಪ್ಪಿಕೊಂಡು ಬಂದವನು ಆತನೇ. ಆತನನ್ನು ಕಪಟಿಯೆಂದು ಕರೆಯುವುದು ನ್ಯಾಯವಲ್ಲ. ನಿನ್ನೆ ಮಾಡಿದ ಸಂಕಲ್ಪವು ಇಂದಿಗೂ ತಾನಾಗಿಯೇ ನಡೆದುಬರುವುದೆಂದು ಆತನು ನಂಬಿದ್ದನು, ತಪ್ಪಿದುದು ಅಲ್ಲಿ.

ಕ್ರೈಸ್ತಧರ್ಮದ ಮೂಲಗ್ರಂಥಗಳು ಮನುಷ್ಯನ ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲವು. ತನ್ನನ್ನು ಹಿಂಬಾಲಿಸಬಯಸುವವನು ತನ್ನ ಶಿಲುಬೆಯನ್ನು ಹೊರಬೇಕೆಂದು ಯೇಸುಸ್ವಾಮಿಯು ಹೇಳಿದ ಪ್ರಸಂಗವು ಮತ್ತಾಯ, ಮಾರ್ಕ, ಲೂಕ ಈ ಮೂವರ ಸುವಾರ್ತೆಗಳಲ್ಲಿಯೂ ಬರುತ್ತದೆ. ಆದರೆ ‘ದಿನದಿನವೂ’ ಎಂಬ ಅರ್ಥದ ಮಾತು ಲೂಕನ ೯ನೆಯ ಅಧ್ಯಾಯದಲ್ಲಿ ಮಾತ್ರ ಉಂಟು. ಇದು ಸಣ್ಣ ಮಾತಲ್ಲ. ರೋಮನರ ಆಳ್ವಿಕೆಯಲ್ಲಿ ಶಿಲುಬೆಯು ಕೊಲೆಯ ಸಾಧನವಾಗಿದ್ದಿತು. ಅದನ್ನು ಹೊತ್ತು ಊರಾಚೆಗೆ ಹೋದವನು ಹಿಂದಿರುಗುತ್ತಿರಲಿಲ್ಲ. ಒಮ್ಮೆ ಮಾತ್ರ ಹೊರಬಹುದಾದುದನ್ನು ಪ್ರತಿದಿನವೂ ಹೊರಬೇಕೆಂದರೆ, ಸಾವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿಕೊಂಡು ನಿತ್ಯವೂ ಅನುಭವಿಸಬೇಕೆಂದಾಯಿತು. ಒಂದೇ ಸಾರಿ ಪ್ರಾಣವನ್ನೊಪ್ಪಿಸುವ ಶೂರನಿಗೆ ಲೋಕವೆಲ್ಲ ಕೈಮುಗಿಯುತ್ತದೆ. ನಾಲಿಗೆಯ ತುದಿಗೆ ಬಂದ ಕಟುವಚನವನ್ನು ದಿನಕ್ಕೆ ಹತ್ತು ಸಾರಿ ನುಂಗಿಕೊಳ್ಳುವವನನ್ನು ಯಾರೂ ಕಾಣರು.

ಇಸ್ರಾಯೇಲ್ಯರ ಮನ್ನದ ಕಥೆಯ ತಿರುಳೂ ಇದೇ. ಅರಣ್ಯದಲ್ಲಿ ಅವರಿಗೆ ಆಕಾಶದಿಂದ ಬಿದ್ದ ಆಹಾರವನ್ನು ಬೆಳಗಾದೊಡನೆ ಆ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಬೇಕಾಗಿದ್ದಿತು. ನಾಳೆಗಿರಲೆಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಹುಳು ಬಿದ್ದಿತು. (ಸಬ್ಬತ್ತಿನ ಹಿಂದಿನ ದಿನಕ್ಕೆ ಮಾತ್ರ ವಿನಾಯಿತಿ, ಜಿಪುಣರಿಗೆ ಅಷ್ಟರಿಂದಲೇ ತೃಪ್ತಿಯಾಗಿರಬೇಕು!) ಭಕ್ತಿಯನ್ನೂ ಕಣಜದಲ್ಲಿ ತುಂಬಿಡಲಾಗದು. ನಮ್ಮ ನಾಡಿನ ವಾಚಕರಿಗೆ ಇದು ತೀರ ಹೊಸ ಮಾತೇನಲ್ಲ. ಪೂಜೆಗೆ ಕುಳಿತವನು ಆ ದಿನದ ತಿಥಿವಾರನಕ್ಷತ್ರಗಳನ್ನು ಹೇಳಿಯೇ ಸಂಕಲ್ಪ ಮಾಡುತ್ತಾನಲ್ಲವೆ? ನಿನ್ನೆಯ ತಿಥಿಯಲ್ಲಿ ಇಂದಿನ ಸಂಕಲ್ಪವು ಸಲ್ಲದು.

ಈ ದಿನದಿನದ ಒಪ್ಪಿಸಿಕೆಯನ್ನು ಬಾಳಿ ತೋರಿಸಿದವರಲ್ಲಿ ೧೭ನೆಯ ಶತಮಾನದ ಫ್ರಾನ್ಸಿನ ಒಬ್ಬ ಅಡಿಗೆಯವನನ್ನು ಮರೆಯುವಂತಿಲ್ಲ. ಆತನ ಹುಟ್ಟುಹೆಸರು ನಿಕೊಲಾ ಹೆರ್ಮಾನ್. ಲೊರೇನ್ ಪ್ರಾಂತದ ಬಡವರ ಮಗ. ಸುಮಾರು ೧೮ನೆಯ ವಯಸ್ಸಿನಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿ ಬೋಳಾಗಿ ನಿಂತಿದ್ದ ಮರವೊಂದು ಆತನ ಕಣ್ಣಿಗೆ ಬಿದ್ದಿತು. ಕೆಲವು ಕಾಲದಲ್ಲಿಯೇ ಇದು ಚಿಗುರುವುದು, ಹೂವಾಗುವುದು, ಕಾಯಾಗುವುದು ಎಂದು ಯೋಚಿಸುತ್ತಿದ್ದ ಹಾಗೆಯೇ ದೇವರ ಮಹಿಮೆಯು ಆತನ ಹೃದಯವನ್ನು ಹಿಡಿಯಿತು. ಆತನ ಹೆಸರೆತ್ತಿದವರೆಲ್ಲ ಈ ಮರದ ಕಥೆಯನ್ನು ಹೇಳಿಯೇ ಹೇಳುತ್ತಾರೆ. ಕಥೆಯೇನೋ ಸುಂದರವಾಗಿದೆ, ಆದರೆ ಅದಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನ ಗೌರವವು ಸಂದಿದೆಯೆಂದೇ ತೋರುತ್ತದೆ. ಮರವನ್ನು ಕಂಡಾತನು ಮರುದಿನವೇ ಸಂತನಾಗಲಿಲ್ಲ. ಮೂವತ್ತು ವರ್ಷಗಳ ಯುದ್ಧವೆಂದು ಹೆಸರಾದ ಆ ಘೋರ ಕಲಹದಲ್ಲಿ ಸಿಪಾಯಿಯಾಗಿ ಕಾಲಿಗೆ ಗಾಯಮಾಡಿಕೊಂಡು ಜೀವಮಾನವೆಲ್ಲ ಕುಂಟಿದನು. ಶ್ರೀಮಂತರೊಬ್ಬರ ಮನೆಯಲ್ಲಿ ಊಳಿಗಕ್ಕೆ ನಿಂತು, ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒಡ್ಡನೆನಿಸಿಕೊಂಡನು. ಕಡೆಗೆ ೧೬೪೦ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಪಂಥದ ಮಠವನ್ನು ಸೇರಿ ಸೋದರ ಲಾರೆನ್ಸನೆಂಬ ಹೆಸರನ್ನು ಪಡೆದನು. ಯಾಜಕದೀಕ್ಷೆಯಿಲ್ಲ, ಪಾಂಡಿತ್ಯವಿಲ್ಲ, ಮಠದ ಮೈಗೆಲಸಕ್ಕೆ ನಿಂತ ಸೋದರ. ತನ್ನ ಒಡ್ಡತನಕ್ಕೆ ಅಲ್ಲಿ ಕಠಿನ ಶಿಕ್ಷೆಯು ದೊರೆತು ಪಾಪವು ಕಳೆಯುವುದೆಂದು ಎಣಿಸಿಯೇ ಆತನು ಅಲ್ಲಿಗೆ ಹೋದುದು. ಸಂತೋಷವೇ ದೊರೆಯಿತೆಂದು ಮುಂದೆ ವಿನೋದವಾಗಿ ಹೇಳುತ್ತಿದ್ದನಂತೆ.

ಆದರೆ ಆ ಸಂತೋಷವು ಸುಲಭವಾಗಿ ಬಂದುದಲ್ಲ. ಆತನಿಗೆ ಒಪ್ಪಿಸಿದ ಕೆಲಸವು ಅಡಿಗೆಯದು. ಸ್ವಭಾವತಃ ಆತನಿಗೆ ಅತ್ಯಂತ ಬೇಸರವಾದ ಕೆಲಸವೂ ಅದೇ. ಸುಮಾರು ೧೫ ವರ್ಷಗಳ ಕಾಲ ಆತನು ಆ ಒಲೆಯ ಮುಂದೆ ನಿಂತನು. ದ್ರಾಕ್ಷಾರಸವನ್ನು ಕೊಂಡು ತರುವುದಕ್ಕಾಗಿ ಬರ್ಗಂಡಿ ಪ್ರಾಂತಕ್ಕೆ ಕಳುಹಿಸಿದಾಗ, ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಅತ್ತಿತ್ತ ಹೋಗಬೇಕಾಯಿತು. ಇದಕ್ಕಿಂತಲೂ ದಾರುಣವಾದುದು ಒಳಗಿನ ಸಂಕಟ. ತಾನು ನರಕಕ್ಕೆ ಹೋಗುವುದು ನಿಶ್ಚಯವೆಂಬ ಭೀತಿಯು ನಾಲ್ಕು ವರ್ಷಗಳ ಕಾಲ ಆತನನ್ನು ಬಿಡಲಿಲ್ಲ. ಲೋಕದ ಜನರೆಲ್ಲ ಒಟ್ಟಾಗಿ ಹೇಳಿದ್ದರೂ ಆ ಭಯವನ್ನು ಹೋಗಲಾಡಿಸಲಾಗುತ್ತಿರಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ.

ಆತನ ಬಾಳಿನ ನಿಜವಾದ ತಿರುವು ಇಲ್ಲಿದೆ, ಮರದ ಬುಡದಲ್ಲಿ ಅಲ್ಲ. ತಾನು ಮಠಕ್ಕೆ ಬಂದುದು ದೇವರ ಪ್ರೀತಿಗಾಗಿ; ತನ್ನ ಗತಿಯು ಸ್ವರ್ಗವೇ ಆಗಲಿ ನರಕವೇ ಆಗಲಿ, ಸಾಯುವವರೆಗೂ ಆ ಪ್ರೀತಿಗಾಗಿಯೇ ಕೆಲಸ ಮಾಡಿದ ಪುಣ್ಯವಾದರೂ ತನ್ನದಾಗುವುದು ಎಂದು ಆತನು ನಿಶ್ಚಯಿಸಿಕೊಂಡನು. ಲಾಭದ ಆಸೆಯನ್ನು ಬಿಟ್ಟು ಕೊಟ್ಟ ಮಾತು ಇದು. ಆದಕಾರಣ ದಿನದಿನವೂ ಕೊಡಲು ಸಾಧ್ಯವಾದ ಮಾತು. ಫಲವು ಕಂಡರೆ ಮಾತ್ರ ಮುಂದುವರಿಯುವೆನೆಂಬ ಭಕ್ತನು ಮೊದಲನೆಯ ಬರಗಾಲಕ್ಕೇ ಊರು ಬಿಡುತ್ತಾನೆ.

ಆತನ ಅಭ್ಯಾಸವು ಬಹು ಸರಳವಾದುದು. ಕೆಲಸಕ್ಕೆ ತೊಡಗುವಾಗ ದೇವರೊಡನೆ ಎರಡು ಮಾತು. ಕೆಲಸದ ನಡುವೆ ಆತನ ಸನ್ನಿಧಿಯ ನೆನಪು. ಮುಗಿದ ಮೇಲೆ ಹೇಗಾಯಿತೆಂಬ ವಿಚಾರಣೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವಾಗಲೂ ದೇವರ ಪ್ರೀತಿಗೆಂದೇ ಮಗುಚುವುದು. ನೆಲದ ಮೇಲೆ ಬಿದ್ದ ಒಂದು ಹುಲ್ಲುಕಡ್ಡಿಯನ್ನು ಎತ್ತಿದರೆ ಅದನ್ನೂ ಆತನಿಗಾಗಿಯೇ ಎತ್ತುವುದು. ಪ್ರಾರ್ಥನೆಯ ಹೊತ್ತಿಗೂ ಪಾತ್ರೆಗಳ ಸದ್ದಿನ ಹೊತ್ತಿಗೂ ಆತನಿಗೆ ಭೇದವಿಲ್ಲದೆ ಹೋಯಿತು. ಶರಣರ ಕಾಯಕದ ಮಾತು ಕನ್ನಡಿಗರಿಗೆ ಇಲ್ಲಿ ನೆನಪಾಗುವುದು ಸಹಜವೇ. ಆದರೆ ಕಾಯಕದಲ್ಲಿ ದುಡಿದುದನ್ನು ದಾಸೋಹದಲ್ಲಿ ಹಂಚುವ ಒಂದು ಸಮಾಜವೇ ಉಂಟು. ಲಾರೆನ್ಸನದು ಒಂಟಿಯಾದ ಗುಟ್ಟಿನ ಸಾಧನೆ. ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚುವವನಿಗೂ ಅದು ತಿಳಿಯುತ್ತಿರಲಿಲ್ಲವೇನೋ.

ಮನಸ್ಸು ಹರಿದು ಹೋಗುತ್ತಿರಲಿಲ್ಲವೆ? ಅಗತ್ಯವಾಗಿ ಹೋಗುತ್ತಿದ್ದಿತು, ಆತನು ಅದನ್ನು ಮುಚ್ಚಿಡಲಿಲ್ಲ. ತಪ್ಪಿದಾಗ ಆತನು ನಡೆದುಕೊಂಡ ರೀತಿಯಂತೂ ವಿಶೇಷವಾದುದು. ತನ್ನನ್ನು ತನ್ನ ಪಾಡಿಗೆ ಬಿಟ್ಟರೆ ತಾನು ಎಂದಿಗೂ ಹೀಗೆಯೇ ಮಾಡುವವನೆಂದು ದೇವರಿಗೆ ನೇರವಾಗಿ ಅರಿಕೆಮಾಡಿ, ಎಬ್ಬಿಸುವ ಭಾರವನ್ನು ಆತನಿಗೇ ಬಿಟ್ಟು, ಮತ್ತೆ ಕೆಲಸಕ್ಕೆ ತಿರುಗುತ್ತಿದ್ದನು. ಎದೆ ಬಡಿದುಕೊಳ್ಳುವುದಿಲ್ಲ, ವಾರವೆಲ್ಲ ಪರಿತಪಿಸುವುದಿಲ್ಲ. ಅತಿಯಾದ ಪಶ್ಚಾತ್ತಾಪದಲ್ಲಿಯೂ ಒಂದು ಬಗೆಯ ಅಹಂಕಾರವು ಅಡಗಿರುತ್ತದೆ: ನನ್ನಂಥವನೂ ತಪ್ಪುವುದೆ ಎಂಬ ಆಶ್ಚರ್ಯ! ಆ ಆಶ್ಚರ್ಯವು ಲಾರೆನ್ಸನಿಗೆ ಇರಲಿಲ್ಲ.

ಈಚಿನ ಕೆಲವರು ಆತನನ್ನು ಮನಶ್ಶಾಂತಿಯ ಸುಲಭೋಪಾಯವನ್ನು ಹೇಳಿಕೊಟ್ಟವನೆಂದು ಹೊಗಳುವುದುಂಟು. ಶಾಂತಿಯು ಆತನಿಗೆ ದೊರೆತುದು ನಿಜ. ಆದರೆ ಅದಕ್ಕಾಗಿ ಆತನು ಹೊರಟವನಲ್ಲ, ಬೇಗನೆ ಪಡೆದವನೂ ಅಲ್ಲ. ಮೊದಲಿನ ಹತ್ತು ವರ್ಷಗಳು ಬಹಳ ಕಷ್ಟದಲ್ಲಿ ಕಳೆದವೆಂದು ತನ್ನದೊಂದು ಪತ್ರದಲ್ಲಿ ಬರೆದಿದ್ದಾನೆ. ಆ ಹತ್ತು ವರ್ಷಗಳಲ್ಲಿ ಎಷ್ಟು ಬೆಳಗುಗಳು! ಅವುಗಳಲ್ಲಿ ಒಂದೊಂದರಲ್ಲಿಯೂ, ಏನೂ ದೊರೆಯದೆಯೇ, ಹಿಂದಿನ ದಿನದ ಮಾತನ್ನು ಹೊಸದಾಗಿ ಆಡಬೇಕಾಗಿದ್ದಿತು.

೧೬೬೬ನೆಯ ಆಗಸ್ಟ್ ತಿಂಗಳಲ್ಲಿ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು ಆತನನ್ನು ಕಂಡು ಮಾತನಾಡಿ, ಕೇಳಿದುದನ್ನು ಬರೆದಿಟ್ಟುಕೊಂಡನು. ಆ ಸಂಭಾಷಣೆಗಳೂ ಪತ್ರಗಳೂ ಆತನ ಮರಣಾನಂತರವೇ ಅಚ್ಚಾದುವು. ಅಷ್ಟು ಹೊತ್ತಿಗೆ ಕಾಲುನೋವಿನಿಂದ ಅಡಿಗೆಯ ಕೆಲಸವು ಬಿಟ್ಟುಹೋಗಿ, ಮಠದವರ ಪಾದರಕ್ಷೆಗಳನ್ನು ಹೊಲಿಯುವ ಕೆಲಸವು ಬಂದಿದ್ದಿತು. ೧೬೯೧ನೆಯ ಫೆಬ್ರವರಿ ೧೨ರಂದು ತೀರಿಕೊಂಡನು. ಕಡೆಯ ದಿನಗಳಲ್ಲಿ ಸೋದರನೊಬ್ಬನು ಬಳಿಗೆ ಬಂದು, ಈಗ ಏನು ಮಾಡುತ್ತಿರುವೆ, ಮನಸ್ಸು ಎಲ್ಲಿದೆ ಎಂದು ಕೇಳಿದನಂತೆ. ಮುಂದೆ ನಿತ್ಯತ್ವದಲ್ಲಿ ಮಾಡಬೇಕಾದುದನ್ನೇ ಈಗಲೂ ಮಾಡುತ್ತಿರುವುದಾಗಿ ಆತನು ಉತ್ತರಕೊಟ್ಟನು.