ಪದಪಾಠ – 6: ‘ವಾಡಿಕೆ ಮಳೆ’ ಅಂದ್ರೆ ಯಾರ ವಾಡಿಕೆ?

(1/3)

ಕಳೆದ ವಾರದ ಪೋಲ್ ನೆನಪಿದೆಯಾ? ‘ವಾಡಿಕೆ ಮಳೆ’ ಅಂದ್ರೇನು ಅಂತ ಕೇಳಿದ್ದೆ. ಜಾಸ್ತಿ ಜನ ಒತ್ತಿದ್ದು ‘ಪ್ರತಿ ವರ್ಷ ಸಾಮಾನ್ಯವಾಗಿ ಬರೋ ಮಳೆ’ ಅನ್ನೋದನ್ನ. ಅಗ್ರಿ ಓದ್ತಿರೋ ನನ್ನ ಕ್ಲಾಸ್‌ಮೇಟ್‌ಗಳೂ ಅದನ್ನೇ ಒತ್ತಿದ್ದೀರಿ. ಹೆಸರು ಹೇಳಲ್ಲ ಬಿಡಿ 😄

ನಿಮ್ಮನ್ನ ಬೈಯೋಕಾಗಲ್ಲ, ಪದವೇ ಹಾಗೆ ದಾರಿ ತಪ್ಪಿಸುತ್ತೆ. ವಾಡಿಕೆ ಅಂದ್ರೆ ರೂಢಿ. ಯುಗಾದಿಗೆ ಹೋಳಿಗೆ ಮಾಡೋದು ವಾಡಿಕೆ. ಪೇಪರಲ್ಲಿ ‘ವಾಡಿಕೆ ಮಳೆ’ ಅಂತ ಓದಿದಾಗ ತಲೆಗೆ ಬರೋದೂ ಇದೇ ಅರ್ಥ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅದೊಂದು ಸರಾಸರಿ. 50 ವರ್ಷದ ಮಳೆ ಕೂಡಿಸಿ 50ರಿಂದ ಭಾಗಿಸಿದರೆ ಬರೋ ಅಂಕಿ, ಅಷ್ಟೇ. ಆ 50 ವರ್ಷದಲ್ಲಿ ಸರಿಯಾಗಿ ಅಷ್ಟೇ ಮಳೆ ಬಂದ ವರ್ಷ ಒಂದೂ ಇಲ್ಲದೇ ಇರಬಹುದು!

ಇನ್ನೂ ಮಜಾ ಇದೆ. ಈಗ ಬಳಸ್ತಿರೋದು 1971ರಿಂದ 2020ರವರೆಗಿನ ಸರಾಸರಿ. 2022ಕ್ಕೆ ಮುಂಚೆ 1961ರಿಂದ 2010ರವರೆಗಿನದನ್ನ ಬಳಸ್ತಿದ್ರು. ಇಡೀ ದೇಶದ ಮುಂಗಾರಿನ ‘ವಾಡಿಕೆ’ ಆಗ 880.6 ಮಿ.ಮೀ. ಇತ್ತು, ಈಗ 868.6 ಮಿ.ಮೀ. ಆಗಿದೆ. ಒಂದು ಮುಂಗಾರಲ್ಲಿ 870 ಮಿ.ಮೀ. ಬಂತು ಅಂತಿಟ್ಕೊಳ್ಳಿ. ಹಳೇ ಲೆಕ್ಕದಲ್ಲಿ ವಾಡಿಕೆಗಿಂತ ಕಮ್ಮಿ, ಹೊಸ ಲೆಕ್ಕದಲ್ಲಿ ವಾಡಿಕೆಗಿಂತ ಜಾಸ್ತಿ. ಮೋಡಕ್ಕೆ ಇದ್ಯಾವುದೂ ಗೊತ್ತಿಲ್ಲ.

(2/3)

ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀಯಾ ಅಂತ ಕೇಳಬಹುದು. ನಮ್ಮದು ಬಯಲುಸೀಮೆ, ಕೆಂಪು ಮಣ್ಣು, ಮಳೆ ನಂಬಿದ ಶೇಂಗಾ. ನಾನು ಪಿಯುಸಿಲಿದ್ದ ವರ್ಷ ಶೇಂಗಾ ಹೂ ಬಿಟ್ಟಿತ್ತು. ಗೊತ್ತಿಲ್ಲದವರಿಗೆ: ಶೇಂಗಾ ಹೂ ಬಿಡೋದು ಮಣ್ಣಿನ ಮೇಲೆ, ಕಾಯಿ ಕಟ್ಟೋದು ಮಣ್ಣಿನ ಒಳಗೆ. ಹೂವಿನ ಬುಡದಿಂದ ಸೂಜಿ ಥರ ಒಂದು ಮೊನೆ ಹೊರಟು, ಕೆಳಗೆ ಬಾಗಿ, ಮಣ್ಣಿಗೆ ಚುಚ್ಚಿಕೊಂಡು ಇಳಿಯಬೇಕು. ಮಣ್ಣು ಒಣಗಿ ಗಟ್ಟಿಯಾಗಿದ್ರೆ ಇಳಿಯೋಕೇ ಆಗಲ್ಲ. ಗಿಡ ಹಸಿರಾಗೇ ಕಾಣುತ್ತೆ, ಕಿತ್ತು ನೋಡಿದ್ರೆ ಬರೀ ಬೇರು. ಆ ವರ್ಷ ನಮಗೆ ಸಿಕ್ಕಿದ್ದು ಅದೇ.

ಆಮೇಲೆ ಊರಲ್ಲಿ ಒಂದು ಮೀಟಿಂಗ್ ಆಯ್ತು. ಬಂದಿದ್ದ ಅಧಿಕಾರಿ ಒಂದು ಹಾಳೆ ನೋಡ್ಕೊಂಡು, “ನಿಮ್ಮ ಹೋಬಳಿಗೆ ಈ ತಿಂಗಳು ವಾಡಿಕೆ ಮಳೆ ಆಗಿದೆಯಲ್ರೀ” ಅಂದ್ರು. ಅಪ್ಪ ಎದ್ದು ನಿಂತು, “ಯಾವ ವಾಡಿಕೆ ಸ್ವಾಮಿ? ಬಂದಿದ್ದು ಒಂದೇ ರಾತ್ರಿ” ಅಂದ್ರು. ಜನ ನಕ್ಕರು. ಅಪ್ಪ ನಗಲಿಲ್ಲ.

ಅವತ್ತು ಆ ಅಧಿಕಾರಿ ಸುಳ್ಳು ಹೇಳ್ತಿದ್ದಾರೆ ಅಂತ ಊರೆಲ್ಲ ಮಾತಾಡ್ಕೊಂಡಿತು. ಈಗ ಓದಿದ ಮೇಲೆ ಅನ್ಸುತ್ತೆ, ಇಬ್ಬರೂ ನಿಜಾನೇ ಹೇಳಿದ್ರು. ಲೆಕ್ಕ ಮಾಡಿ ತೋರಿಸ್ತೀನಿ, ಬೇಕಿದ್ರೆ ಪೆನ್ನು ತಗೊಳ್ಳಿ.

ಒಂದು ಊರಿಗೆ ಆಗಸ್ಟ್ ತಿಂಗಳ ವಾಡಿಕೆ 80 ಮಿ.ಮೀ. ಅಂತಿಟ್ಕೊಳ್ಳಿ. ಬಂದಿದ್ದು 66 ಮಿ.ಮೀ., ಅದೂ ಒಂದೇ ರಾತ್ರಿ. ಕೊರತೆ ಶೇ. 17.5. ಶೇ. 19ರವರೆಗೆ ಕಮ್ಮಿಯಾದರೂ ಇಲಾಖೆ ಅದನ್ನ ‘ವಾಡಿಕೆ’ ಅಂತಲೇ ಬರೆಯುತ್ತೆ, 20 ಮುಟ್ಟಿದ ಮೇಲೇ ‘ಕೊರತೆ’. ಹಾಗಾಗಿ ತಿಂಗಳ ಮಳೆ: ವಾಡಿಕೆ. ಇನ್ನೊಂದು ಕಡೆ, 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ ಅದು ‘ಭಾರಿ ಮಳೆ’. ಹಾಗಾಗಿ ಆ ರಾತ್ರಿ: ಭಾರಿ ಮಳೆ. ಮೂರನೇದು, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನ ‘ಮಳೆ ದಿನ’. ಆ ತಿಂಗಳಲ್ಲಿ ಮಳೆ ದಿನ: ಒಂದು.

ಮೂರು ವ್ಯಾಖ್ಯೆಗಳೂ ಸರಿ, ಮೂರೂ ಒಟ್ಟಿಗೆ ನಿಜ. ಶೇಂಗಾ ಮಾತ್ರ ಹೋಯ್ತು.

66 ಮಿ.ಮೀ. ಅಂದ್ರೆ ಒಂದು ಎಕರೆಗೆ ಸುಮಾರು 2 ಲಕ್ಷ 67 ಸಾವಿರ ಲೀಟರ್ ನೀರು (1 ಮಿ.ಮೀ. = ಒಂದು ಚದರ ಮೀಟರಿಗೆ 1 ಲೀಟರ್, ನೆನಪಿಟ್ಕೊಳ್ಳಿ, ಪರೀಕ್ಷೆಗೂ ಬರುತ್ತೆ). ಇಳಿಜಾರಿನ ಕೆಂಪು ಹೊಲದಲ್ಲಿ ಅಷ್ಟು ನೀರು ಒಂದೇ ರಾತ್ರಿ ಸುರಿದ್ರೆ ಮಣ್ಣು ಕುಡಿಯೋದು ಎಷ್ಟು? ಉಳಿದದ್ದು ಮೇಲ್ಮಣ್ಣನ್ನೂ ಕಟ್ಕೊಂಡು ಹಳ್ಳ ಸೇರುತ್ತೆ. ಮಳೆ ಮಾಪಕಕ್ಕೆ ಹಳ್ಳದ ಸುದ್ದಿ ಬೇಡ, ಅದು ಬಿದ್ದಿದ್ದನ್ನ ಅಳೆಯುತ್ತೆ. ಅಪ್ಪ ಅಳೆಯೋದು ಉಳಿದಿದ್ದನ್ನ.

ಆ ವರ್ಷ ನನ್ನ ಹಾಸ್ಟೆಲ್ ಫೀಸಿಗೆ ಒಂದು ಎಮ್ಮೆ ಹೋಯ್ತು.

(3/3)

ಉಳಿದಿದ್ದಕ್ಕೂ ನಮ್ಮಲ್ಲಿ ಒಂದು ಪದ ಇದೆ: ಹದ. ಪುಸ್ತಕದಲ್ಲಿ ಹತ್ತಿರದ ಪದ ‘ಫೀಲ್ಡ್ ಕೆಪಾಸಿಟಿ’. ಚೆನ್ನಾಗಿ ನೆನೆದ ಮಣ್ಣಿಂದ ಹೆಚ್ಚಿನ ನೀರು ತಾನಾಗೇ ಇಳಿದುಹೋದ ಮೇಲೆ, ಒಂದೆರಡು ದಿನದ ನಂತರ, ಮಣ್ಣು ಹಿಡಿದಿಟ್ಕೊಂಡಿರೋ ನೀರು. ಕನ್ನಡದಲ್ಲಿ ಇದನ್ನ ‘ಕ್ಷೇತ್ರ ಸಾಮರ್ಥ್ಯ’ ಅಂತ ಬರೆದಿದ್ದನ್ನ ನೋಡಿದೀನಿ. ಕುಸ್ತಿ ಅಖಾಡದ ಪದ ಇದ್ದಂಗಿದೆ. ಹಾಗಂತ ‘ಹದ’ ಅಂತ ಬರೆದು ಕೈತೊಳ್ಕೊಳ್ಳೋಕೂ ಆಗಲ್ಲ. ಹದ ಅಂದ್ರೆ ನೀರಿನ ಅಳತೆಯಷ್ಟೇ ಅಲ್ಲವಲ್ಲ: ಕುಂಟೆಗೆ ಮಣ್ಣು ಮೆತ್ತಬಾರದು, ಹೆಂಟೆನೂ ಏಳಬಾರದು, ಮುಷ್ಟೀಲಿ ಹಿಡಿದ್ರೆ ಉಂಡೆ ಆಗಿ, ಬೆರಳಲ್ಲಿ ಒತ್ತಿದ್ರೆ ಉದುರಬೇಕು. ಕೆಂಪು ಮಣ್ಣಿಗೆ ಹದ ಬೇಗ ಬಂದು ಬೇಗ ಹೋಗುತ್ತೆ. ಎರೆ ಭೂಮೀಲಿ ಮಳೆ ನಿಂತ ಮೇಲೂ ಕಾಲು ಹೂತುಹೋಗುತ್ತೆ, ದಿನಗಟ್ಟಲೆ ಕಾಯಬೇಕು.

ನನ್ನ ಕೇಳಿದ್ರೆ, ಪಠ್ಯದಲ್ಲಿ ‘ವಾಡಿಕೆ ಮಳೆ’ ತೆಗೆದು ‘ಸರಾಸರಿ ಮಳೆ’ ಅಂತ ಬರೀಬೇಕು. ಸರಾಸರಿ ಅಂದ ತಕ್ಷಣ ಯಾವ ವರ್ಷಗಳದ್ದು, ಎಷ್ಟು ಊರಿನದ್ದು ಅಂತ ಕೇಳೋಕೆ ಮನಸ್ಸಾಗುತ್ತೆ. ವಾಡಿಕೆ ಅಂದ್ರೆ ಸುಮ್ಮನೆ ತಲೆಯಾಡಿಸ್ತೀವಿ.

ನ್ಯಾಯವಾಗಿ ಇನ್ನೊಂದು ಮಾತು. ಬರ ಘೋಷಣೆಗೆ ಕೇಂದ್ರದ 2016ರ ಕೈಪಿಡಿ ಒಟ್ಟು ಮಳೆಯನ್ನಷ್ಟೇ ನೋಡಲ್ಲ. ಮಳೆ ಬಿಡುವು ಕೊಟ್ಟ ವಾರಗಳು, ಬಿತ್ತನೆಯಾದ ಪ್ರದೇಶ, ಉಪಗ್ರಹಕ್ಕೆ ಕಂಡ ಹಸಿರು, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲ, ಇವೂ ಲೆಕ್ಕಕ್ಕೆ ಬರುತ್ತೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದು ನಿಮಗೆ ನೆನಪಿರಬಹುದು. ಹಸಿರು ಮಾಪನದ ಬಗ್ಗೆ ನನಗೊಂದು ಅನುಮಾನ ಇದೆ: ಮೊನೆ ಇಳಿಯದ ಶೇಂಗಾ ಗಿಡವೂ ಮೇಲಿಂದ ಹಸಿರೇ ತಾನೆ? ರಿಮೋಟ್ ಸೆನ್ಸಿಂಗ್ ತಗೊಂಡಿರೋ ಸೀನಿಯರ್‌ಗಳು ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಹೇಳಿ.

ಹಾಂ, ಬಿಟ್ಟೇಹೋಗಿತ್ತು. ಇಲಾಖೆಯ ‘ಒಂದು ದಿನ’ ಶುರುವಾಗೋದು ಬೆಳಿಗ್ಗೆ 8:30ಕ್ಕೆ, ಮುಗಿಯೋದು ಮಾರನೇ ದಿನ 8:30ಕ್ಕೆ. ನಿನ್ನೆ ರಾತ್ರಿ ನೀವು ನೆನೆದ ಮಳೆ ಇವತ್ತಿನ ಲೆಕ್ಕ.

ಉಳಿದ ನಕ್ಷೆಗಳು ಸ್ಲೈಡಲ್ಲಿವೆ, ಸ್ವೈಪ್ ಮಾಡಿ. ಬಿತ್ತಿದ ಮೇಲೆ ಮಳೆ ತಿಂಗಳುಗಟ್ಟಲೆ ಕೈಕೊಟ್ರೆ ನಿಮ್ಮ ಕಡೆ ಏನಂತಾರೆ? ಪದದ ಜೊತೆ ಊರಿನ ಹೆಸರೂ ಹಾಕಿ. ಮುಂದಿನ ಭಾಗ ‘ಅಂತರ್ಜಲ’, ಬೋರ್‌ವೆಲ್ ಇರೋರು ತಪ್ಪಿಸ್ಕೋಬೇಡಿ.

#ಪದಪಾಠ #ಹದ #ಬಯಲುಸೀಮೆ